‘ಬಚ್ಚೇದಾನಿ ತೆಗೆಸಿಬಿಡಿ’ ಎನ್ನುವ ಮೊದಲು

(ಟ್ರಸ್ಟ್‌ನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಮಾನ್ಯ ಅಧ್ಯಕ್ಷರೇ, ಟ್ರಸ್ಟಿಗಳೇ, ದಾನಿಗಳೇ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಿಂದ ಬಂದಿರುವ ತಾಯಂದಿರೇ, ತಂದೆಯರೇ, ಇಂದು ವಿದ್ಯಾರ್ಥಿವೇತನ ಪಡೆಯಲಿರುವ ನನ್ನ ಪ್ರೀತಿಯ ಮಕ್ಕಳೇ,

ವಿದ್ಯಾರ್ಥಿವೇತನದ ಸಭೆಯಲ್ಲಿ ಗರ್ಭಕೋಶದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಪಿಯುಸಿಗೋ ಡಿಪ್ಲೊಮಾಕ್ಕೋ ಸೇರಿ ಎರಡನೇ ವರ್ಷದ ಅರ್ಜಿ ಹಾಕದೆ ನಿಂತುಹೋದ ಹುಡುಗಿಯರ ಮನೆಗೆ ಹೋಗಿ ವಿಚಾರಿಸಿದರೆ ಕೆಲವು ಕಾರಣಗಳು ಮತ್ತೆ ಮತ್ತೆ ಕೇಳಿಬರುತ್ತವೆ. ತಂದೆಗೆ ಕೆಲಸವಿಲ್ಲ, ಮದುವೆ ನಿಶ್ಚಯವಾಯಿತು, ಸಾಲ ಹೆಚ್ಚಾಯಿತು. ಇವುಗಳ ಜೊತೆಗೆ ಇನ್ನೊಂದು ಕಾರಣವೂ ಇದೆ: ‘ಅಮ್ಮನಿಗೆ ಆಪರೇಷನ್ ಆಯಿತು ಟೀಚರ್, ಮನೆ ನೋಡಿಕೊಳ್ಳೋರು ಯಾರೂ ಇರಲಿಲ್ಲ.’ ಯಾವ ಆಪರೇಷನ್ ಎಂದು ಕೇಳಿದರೆ ತಲೆ ತಗ್ಗಿಸಿ ಮೆಲ್ಲಗೆ ಹೇಳುತ್ತಾರೆ, ‘ಬಚ್ಚೇದಾನಿದು.’

ತಾಯಿ ಮಲಗಿದರೆ ಅಡುಗೆ, ನೀರು, ತಮ್ಮ ತಂಗಿಯರು, ಅಜ್ಜಿ, ಎಲ್ಲವೂ ದೊಡ್ಡ ಮಗಳ ಹೆಗಲಿಗೆ ಬರುತ್ತವೆ. ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದರೆ ಕನಿಷ್ಠ 6 ವಾರ ಭಾರ ಎತ್ತುವಂತಿಲ್ಲ. ನಮ್ಮ ಹೆಂಗಸರಲ್ಲಿ ಹೊಗೆಸೊಪ್ಪಿನ ಗ್ರೇಡಿಂಗ್‌ಗೆ ಕೂಲಿಗೆ ಹೋಗುವವರಿದ್ದಾರೆ, ಕೊಡಗಿನ ಕಾಫಿ ತೋಟಕ್ಕೆ ಹೋಗುವವರಿದ್ದಾರೆ, ಮನೆಯಲ್ಲೇ ಬಟ್ಟೆ ಹೊಲಿಯುವವರಿದ್ದಾರೆ. ಅವರ ಕೂಲಿ ನಿಂತಿತು. ಆಸ್ಪತ್ರೆಯ ಬಿಲ್ಲಿಗೆ ಒಡವೆ ಅಡವಿಗೆ ಹೋಯಿತು, ಬಡ್ಡಿ ಸಾಲವೂ ಬಂತು. ಆರು ವಾರ ಕಳೆಯುವಷ್ಟರಲ್ಲಿ ಮಗಳ ಹಾಜರಾತಿ ಕಡಿಮೆಯಾಗಿ, ಪರೀಕ್ಷೆಯ ಶುಲ್ಕದ ದಿನವೂ ದಾಟಿತ್ತು.

ಆ ಆಪರೇಷನ್ ಬೇಕೇಬೇಕಾಗಿದ್ದರೆ ಯಾರೂ ಏನೂ ಹೇಳುವಂತಿಲ್ಲ. ಜೀವ ಮೊದಲು, ಓದು ಆಮೇಲೆ. ಆದರೆ ಮಾತ್ರೆಯಿಂದ ವಾಸಿಯಾಗುವ ತೊಂದರೆಗೂ ಗರ್ಭಕೋಶ ತೆಗೆಸುವವರಿದ್ದಾರೆ, ತೆಗೆಯುವವರೂ ಇದ್ದಾರೆ. ಈ ಮಾತು ಆಡಬೇಕೆಂದು ನಾನು ಟ್ರಸ್ಟಿಗಳಲ್ಲಿ ಕೇಳಿಕೊಂಡದ್ದು ಅದಕ್ಕೆ.

ನಾನು ಡಾಕ್ಟರ್ ಅಲ್ಲ. ಬಿಎಡ್ ಮಾಡಿ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವಳು. ನಾನು ಹೇಳುವುದರಿಂದ ಯಾರೂ ಔಷಧಿ ಶುರು ಮಾಡಬೇಡಿ, ಬಿಡಲೂ ಬೇಡಿ. ಡಾಕ್ಟರ್ ಮುಂದೆ ಕುಳಿತಾಗ ಏನು ಕೇಳಬೇಕು ಎಂಬುದಷ್ಟನ್ನು ಇಲ್ಲಿಂದ ತೆಗೆದುಕೊಂಡು ಹೋಗಿ.

ಮೊದಲು ನಾಚಿಕೆಯ ವಿಷಯ. ಎಂಟನೇ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಪಾಠವಿದೆ. ಹತ್ತನೇ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಎಷ್ಟೋ ಶಾಲೆಗಳಲ್ಲಿ ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಹಾಳೆ ತಿರುವಿಬಿಡುತ್ತಾರೆ. ಮನೆಯಲ್ಲಿ ಯಾರು ಹೇಳಿಕೊಡುತ್ತಾರೆ? ನಮ್ಮ ದೀನ್‌ನಲ್ಲಿ ಇಂಥ ಮುಚ್ಚುಮರೆ ಇಲ್ಲ. ನಿಲ್ಲದೆ ರಕ್ತ ಹೋಗುತ್ತಿದ್ದ ಫಾತಿಮಾ ಬಿಂತಿ ಅಬೀ ಹುಬೈಶ್ ಎಂಬ ಸಹಾಬಿಯಾ ತಾವೇ ಪ್ರವಾದಿಯವರ (ಸ) ಬಳಿ ಹೋಗಿ ನಮಾಜಿನ ಬಗ್ಗೆ ಕೇಳಿದರು. ಅದು ಮುಟ್ಟಲ್ಲ, ನಾಳದಿಂದ ಬರುವ ರಕ್ತ ಎಂಬ ಅರ್ಥದ ಉತ್ತರ ಅವರಿಗೆ ಸಿಕ್ಕಿತು ಎಂದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಹೈಜ್ ಬೇರೆ, ಇಸ್ತಿಹಾಝಾ ಬೇರೆ ಎಂದು ನಮ್ಮ ಫಿಕ್ಹ್ ಅಷ್ಟು ಹಿಂದೆಯೇ ಬೇರ್ಪಡಿಸಿದೆ. ಹನಫಿಗಳಲ್ಲಿ ಹೈಜ್ ಎಂದರೆ ಕಡಿಮೆ ಎಂದರೆ 3 ದಿನ, ಹೆಚ್ಚೆಂದರೆ 10 ದಿನ. ನಮಾಜು, ರೋಜಾಗಾಗಿ ನೀವು ಇಟ್ಟುಕೊಳ್ಳುವ ಈ ದಿನಗಳ ಲೆಕ್ಕವೇ ಡಾಕ್ಟರ್‌ಗೂ ಬೇಕಾದದ್ದು. ಅದನ್ನು ಕ್ಯಾಲೆಂಡರ್ ಮೇಲೆ ಗುರುತು ಹಾಕಿಡಿ. ಆಸ್ಪತ್ರೆಗೆ ಹೋಗುವಾಗ ತೆಗೆದುಕೊಂಡು ಹೋಗಿ.

ಗರ್ಭಕೋಶ ಎಂದರೆ ಮುಷ್ಟಿಯಷ್ಟು ದೊಡ್ಡ, ಪೇರಳೆ ಹಣ್ಣಿನ ಆಕಾರದ ಸ್ನಾಯುವಿನ ಚೀಲ. ಒಳಗೆ ತಿಂಗಳಿಗೊಮ್ಮೆ ಬೆಳೆದು ಕಳಚಿ ಬೀಳುವ ಪದರ ಇದೆ, ಕೆಳಗೆ ಒಂದು ಬಾಯಿ ಇದೆ. ಎರಡು ಬದಿಯಲ್ಲಿ ಅಂಡಾಶಯಗಳಿವೆ. ಹೆಣ್ಣಿನ ಹಾರ್ಮೋನ್ ತಯಾರಾಗುವುದು ಅಂಡಾಶಯದಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಸಾಮಾನ್ಯವಾಗಿ ಬರುವ ತೊಂದರೆಗಳು.

ಒಂದು, ಅತಿ ರಕ್ತಸ್ರಾವ. ಮುಟ್ಟು 7–8 ದಿನ ದಾಟುವುದು, ಗಂಟೆಗೊಂದು ಪ್ಯಾಡ್ ಅಥವಾ ಬಟ್ಟೆ ಬದಲಿಸಬೇಕಾಗುವುದು, ದೊಡ್ಡ ಗಡ್ಡೆಗಳಾಗಿ ರಕ್ತ ಹೋಗುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಇದರ ಲಕ್ಷಣ. ಕಾರಣ ಹಾರ್ಮೋನ್ ಏರುಪೇರು ಇರಬಹುದು, ಥೈರಾಯ್ಡ್ ಇರಬಹುದು, ಗಡ್ಡೆ ಇರಬಹುದು, ಬರೀ ವಯಸ್ಸೂ ಇರಬಹುದು. ಮೊದಲು ಆಗಬೇಕಾದದ್ದು ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿಂಗ್. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಇರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರ ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ರಕ್ತ ಹೋಗುವ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಅನೇಕರಿಗೆ ಸ್ರಾವವನ್ನು ಅರ್ಧದ ಹತ್ತಿರಕ್ಕೆ ಇಳಿಸುತ್ತದೆ. ಹಾರ್ಮೋನ್ ಮಾತ್ರೆಗಳಿವೆ. ಹಾರ್ಮೋನ್ ಇರುವ ವಂಕಿಯನ್ನು ಗರ್ಭಕೋಶದೊಳಗೆ ಇಟ್ಟರೆ ಐದಾರು ವರ್ಷ ಸ್ರಾವ ಬಹಳ ಕಡಿಮೆಯಾಗುತ್ತದೆ. ಇದಕ್ಕೆ ಹೊಟ್ಟೆ ಕೊಯ್ಯಬೇಕಿಲ್ಲ. ಮಕ್ಕಳು ಸಾಕು ಎನ್ನುವವರಿಗೆ ಒಳಪದರವನ್ನು ಮಾತ್ರ ಸುಡುವ ಚಿಕಿತ್ಸೆಯೂ ಇದೆ.

ಎರಡು, ನಾರುಗಡ್ಡೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಫೈಬ್ರಾಯ್ಡ್ ಎಂದು ಬರೆದಿರುತ್ತಾರೆ. ಗಡ್ಡೆ ಎಂದ ಕೂಡಲೇ ಮನೆಯವರೆಲ್ಲ ಅಳಲು ಶುರು ಮಾಡುತ್ತಾರೆ. ಇದು ಗರ್ಭಕೋಶದ ಸ್ನಾಯುವಿನದೇ ಗಂಟು. ಕ್ಯಾನ್ಸರ್ ಆಗುವುದು ಬಹಳ ಅಪರೂಪ. ಎಷ್ಟೋ ಹೆಂಗಸರಿಗೆ ಗಡ್ಡೆ ಇರುವುದೇ ಗೊತ್ತಿರುವುದಿಲ್ಲ. ತೊಂದರೆ ಕೊಡದ ಗಡ್ಡೆಗೆ ಚಿಕಿತ್ಸೆ ಬೇಡ, ಆಗಾಗ ಸ್ಕ್ಯಾನ್ ಮಾಡಿಸಿ ನೋಡಿದರೆ ಸಾಕು. ಮುಟ್ಟು ನಿಂತ ಮೇಲೆ ಅದು ಸಾಮಾನ್ಯವಾಗಿ ತಾನಾಗಿ ಕುಗ್ಗುತ್ತದೆ. ಆದ್ದರಿಂದ 47 ವರ್ಷದವಳಿಗೆ ಸಣ್ಣ ಗಡ್ಡೆ ಇದ್ದರೆ ಮಾತ್ರೆಯ ಜೊತೆ ಕಾಯುವುದೂ ಒಂದು ಚಿಕಿತ್ಸೆಯೇ. ಮಗು ಬೇಕೆನ್ನುವ ಹೆಣ್ಣಿಗೆ ಗಡ್ಡೆಯನ್ನಷ್ಟೇ ತೆಗೆದು ಗರ್ಭಕೋಶ ಉಳಿಸುವ ಆಪರೇಷನ್ ಇದೆ. ಗಡ್ಡೆಗೆ ರಕ್ತ ಹೋಗುವ ನಾಳವನ್ನು ಮುಚ್ಚುವ ಚಿಕಿತ್ಸೆ ದೊಡ್ಡ ಆಸ್ಪತ್ರೆಗಳಲ್ಲಿದೆ. ಗಡ್ಡೆ ದೊಡ್ಡದಾಗಿ, ರಕ್ತ ನಿಲ್ಲದೆ, ಔಷಧಿಗೂ ಬಗ್ಗದಿದ್ದರೆ ಆಗ ಗರ್ಭಕೋಶ ತೆಗೆಯುವ ಮಾತು.

ಮೂರು, ಮುಟ್ಟಿನ ತೀವ್ರ ನೋವು. ‘ಮದುವೆಯಾದರೆ ಸರಿಹೋಗುತ್ತೆ’ ಎಂದು ಹುಡುಗಿಯರಿಗೆ ಹೇಳುತ್ತೇವೆ. ಪ್ರತಿ ತಿಂಗಳು ಎರಡು ಮೂರು ದಿನ ಶಾಲೆ ತಪ್ಪಿಸುವಷ್ಟು ನೋವಿದ್ದರೆ ಅದು ಸಹಿಸಿಕೊಳ್ಳುವ ನೋವಲ್ಲ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗಡೆ, ಅಂಡಾಶಯದ ಬಳಿ ಬೆಳೆಯುವ ಎಂಡೊಮೆಟ್ರಿಯೋಸಿಸ್, ಗೋಡೆಯೊಳಗೇ ಬೆಳೆಯುವ ಅಡಿನೊಮಯೋಸಿಸ್ ಎಂಬ ಕಾಯಿಲೆಗಳಿವೆ. ನೋವಿನ ಮಾತ್ರೆ, ಹಾರ್ಮೋನ್ ಮಾತ್ರೆ, ಆಗಲೇ ಹೇಳಿದ ವಂಕಿ, ಇವುಗಳಿಂದ ಹಿಡಿತಕ್ಕೆ ಬರುತ್ತವೆ. ಈ ಸಭೆಯಲ್ಲಿರುವ ಹೆಣ್ಣುಮಕ್ಕಳೇ, ತಿಂಗಳಿಗೆ ಮೂರು ದಿನದಂತೆ ಹತ್ತು ತಿಂಗಳಿಗೆ 30 ದಿನ ಪಾಠ ಹೋಗುತ್ತದೆ. ಅಮ್ಮನಿಗೆ ಹೇಳಿ, ಟೀಚರ್‌ಗೆ ಹೇಳಿ.

ನಾಲ್ಕು, ಬಿಳಿಸೆರಗು ಮತ್ತು ‘ಗರ್ಭಕೋಶದ ಬಾಯಿಯಲ್ಲಿ ಹುಣ್ಣು’. ಹೆಚ್ಚು ಹೆದರಿಸುವುದು ಇದರಲ್ಲೇ. ಸ್ವಲ್ಪ ಬಿಳಿ ಹೋಗುವುದು ಸಹಜ. ವಾಸನೆ, ತುರಿಕೆ, ಬಣ್ಣ ಇದ್ದರೆ ಸೋಂಕು. ಅದಕ್ಕೆ ಕೆಲವು ದಿನಗಳ ಮಾತ್ರೆ ಸಾಕು, ಸೋಂಕಿನ ಬಗೆ ನೋಡಿ ಗಂಡನಿಗೂ ಕೊಡಬೇಕಾಗಬಹುದು. ಬಾಯಿಯ ಬಳಿ ಕೆಂಪಾಗಿ ಕಾಣುವುದನ್ನು ಹುಣ್ಣು ಎನ್ನುತ್ತಾರೆ. ಹೆಚ್ಚಿನವರಲ್ಲಿ ಅದು ಕಾಯಿಲೆಯೇ ಅಲ್ಲ. ಅನುಮಾನವಿದ್ದರೆ ಮೊದಲು ಪರೀಕ್ಷೆ. ಬರೀ ಬಿಳಿಸೆರಗಿಗೆ, ಬರೀ ಸೊಂಟನೋವಿಗೆ ಗರ್ಭಕೋಶ ತೆಗೆಯುವಂತಿಲ್ಲ.

ಐದು, ಗರ್ಭಕೋಶ ಕೆಳಗಿಳಿಯುವುದು. ಮೇಲಿಂದ ಮೇಲೆ ಹೆರಿಗೆ, ಬಾಣಂತನದಲ್ಲೇ ಕೊಡ ಹೊರುವುದು, ಬಿಡದ ಕೆಮ್ಮು, ಮಲಬದ್ಧತೆ ಇದಕ್ಕೆ ಕಾರಣ. ಕೂತರೆ ಏನೋ ಅಡ್ಡ ಬಂದಂತೆ, ಕೆಮ್ಮಿದರೆ ಮೂತ್ರ ಹೋದಂತೆ. ವುಜೂ ನಿಲ್ಲುವುದಿಲ್ಲ ಎಂದು ನಮಾಜನ್ನೇ ಬಿಟ್ಟ ಹಿರಿಯ ಹೆಂಗಸರು ನಮ್ಮಲ್ಲಿದ್ದಾರೆ. ಯಾರಿಗೂ ಹೇಳದೆ ಹತ್ತು ವರ್ಷ ನುಂಗಿಕೊಂಡಿರುತ್ತಾರೆ. ಶುರುವಿನಲ್ಲಿ ಕೆಳಸ್ನಾಯುವನ್ನು ಬಿಗಿಹಿಡಿದು ಬಿಡುವ ವ್ಯಾಯಾಮವಿದೆ, ಮನೆಯಲ್ಲೇ ಮಾಡಬಹುದು. ಒಳಗೆ ಇಡುವ ರಬ್ಬರ್ ಅಥವಾ ಸಿಲಿಕಾನ್ ಉಂಗುರವಿದೆ. ತೀರ ಇಳಿದಿದ್ದರೆ ಆಪರೇಷನ್ನೇ ಸರಿ. ಅದರಲ್ಲೂ ಗರ್ಭಕೋಶವನ್ನು ಮೇಲೆತ್ತಿ ಕಟ್ಟುವುದು, ತೆಗೆಯುವುದು ಎಂದು ಎರಡು ದಾರಿಗಳಿವೆ.

ಆರು, ಕ್ಯಾನ್ಸರ್. ಇದನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ಕಾಯುವಂತಿಲ್ಲ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಗಂಡ-ಹೆಂಡತಿ ಸೇರಿದ ಮೇಲೆ ರಕ್ತ ಬಂದರೂ, ಕೆಟ್ಟ ವಾಸನೆಯ ನೀರು ಹೋದರೂ ಅದೇ ವಾರ ಆಸ್ಪತ್ರೆಗೆ ಹೋಗಬೇಕು. 30 ವರ್ಷ ದಾಟಿದ ಹೆಂಗಸರಿಗೆ ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ದ್ರವ ಹಚ್ಚಿ ನೋಡುವ ಸುಲಭ ಪರೀಕ್ಷೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ಕೆಲವೇ ನಿಮಿಷದ ಕೆಲಸ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಈ ಬಾಯಿಯ ಕ್ಯಾನ್ಸರ್‌ಗೆ ಎಚ್‌ಪಿವಿ ಎಂಬ ವೈರಸ್ ಮುಖ್ಯ ಕಾರಣ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಹಾಕಿಸಿದರೆ ಅದನ್ನು ತಡೆಯುವ ಲಸಿಕೆ ಇದೆ. ನಮ್ಮ ದೇಶದಲ್ಲೇ, ಪುಣೆಯಲ್ಲಿ ತಯಾರಾಗುತ್ತದೆ.

ಒಬ್ಬ ಅಜ್ಜಿ ಮುಟ್ಟು ನಿಂತು ಆರು ವರ್ಷದ ಮೇಲೆ ರಕ್ತ ಕಂಡಾಗ ಯಾರಿಗೂ ಹೇಳದೆ ಸೊಸೆಗೆ ಮಾತ್ರ ಹೇಳಿದರು. ಸೊಸೆ ಅದೇ ವಾರ ಮೈಸೂರಿಗೆ ಕರೆದೊಯ್ದಳು. ಒಳಪದರದ ಕ್ಯಾನ್ಸರ್, ಆದರೆ ಮೊದಲ ಹಂತ. ಗರ್ಭಕೋಶ ತೆಗೆದರು. ಇಂದು ಮೊಮ್ಮಕ್ಕಳನ್ನು ಮದರಸಕ್ಕೆ ಬಿಟ್ಟು ಬರುತ್ತಾರೆ. ಅವರ ಜೀವ ಉಳಿಸಿದ್ದು ಅದೇ ಆಪರೇಷನ್. ಹೀಗಾಗಿ ನಾನು ಆಪರೇಷನ್ ಬೇಡ ಎನ್ನುತ್ತಿಲ್ಲ. ಯಾರಿಗೆ, ಯಾವಾಗ, ಏಕೆ ಎಂದು ಕೇಳಿ ಎನ್ನುತ್ತಿದ್ದೇನೆ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಕಲಬುರಗಿ ಜಿಲ್ಲೆಯಲ್ಲಿ ಹೊಟ್ಟೆನೋವು, ಸೊಂಟನೋವು, ಬಿಳಿಸೆರಗು ಎಂದು ಹೋದ ಲಂಬಾಣಿ ಮತ್ತು ದಲಿತ ಹೆಂಗಸರಿಗೆ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆದದ್ದು 2015ರಲ್ಲಿ ದೊಡ್ಡ ಸುದ್ದಿಯಾಯಿತು. ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿದ್ದರೆಂದು ಆ ಹೆಂಗಸರು ಹೇಳಿದರು. ಅವರಲ್ಲಿ ಅನೇಕರಿಗೆ 40 ಕೂಡ ಆಗಿರಲಿಲ್ಲ. ಸರ್ಕಾರ ತನಿಖೆ ನಡೆಸಿತು. ನ್ಯಾಯ ಕೇಳಿ ಆ ಹೆಂಗಸರು ಬೀದಿಗಿಳಿದರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರದ್ದೂ ಇಂಥದೇ ಕಥೆ, ಅದು 2019ರಲ್ಲಿ ಹೊರಬಂತು. ಬಿಹಾರ, ಛತ್ತೀಸಗಢ, ರಾಜಸ್ಥಾನದ ಇಂಥ ಪ್ರಕರಣಗಳ ಬಗ್ಗೆ ಒಬ್ಬ ವೈದ್ಯರೇ ಸುಪ್ರೀಂ ಕೋರ್ಟಿಗೆ ಹೋದರು. 2023ರ ಏಪ್ರಿಲ್ 5ರಂದು ತೀರ್ಪು ಬಂತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಹೊರಡಿಸಿದ್ದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ 3 ತಿಂಗಳೊಳಗೆ ಜಾರಿ ಮಾಡಬೇಕು ಎಂದಿತು. ಜಿಲ್ಲಾ ಮಟ್ಟದಲ್ಲೂ ನಿಗಾ ಸಮಿತಿ ಇರಬೇಕು ಎಂದು ಆ ಮಾರ್ಗಸೂಚಿ ಹೇಳುತ್ತದೆ.

2015–16ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಸುಮಾರು 3 ಮಂದಿಗೆ ಗರ್ಭಕೋಶ ತೆಗೆಯಲಾಗಿತ್ತು. ಅವರಲ್ಲಿ ಅರ್ಧದಷ್ಟು ಮಂದಿಗೆ ಆಪರೇಷನ್ ಆದದ್ದು 34 ವರ್ಷದ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೊದಲು. ಆಗಿನ್ನೂ ಮಕ್ಕಳು ಶಾಲೆಯಲ್ಲಿರುತ್ತಾರೆ.

‘ಮಕ್ಕಳಾಯಿತು, ಇನ್ನು ಅದೇಕೆ’ ಎನ್ನುವವರಿಗೆ ಒಂದು ಮಾತು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ 35ಕ್ಕೇ ಹಾರ್ಮೋನ್ ನಿಂತುಹೋಗುತ್ತದೆ. ಮೈ ಬಿಸಿಯೇರುವುದು, ನಿದ್ದೆ ಬಾರದಿರುವುದು, ಮೂಳೆ ಸವೆಯುವುದು, ಹೃದಯದ ಕಾಯಿಲೆಯ ಭಯ ಎಲ್ಲವೂ ಬೇಗ ಬರುತ್ತವೆ. ಅಂಡಾಶಯ ಉಳಿಸಿದರೂ ಕೆಲವರಿಗೆ ಅದರ ಕೆಲಸ ಬೇಗ ನಿಲ್ಲುತ್ತದೆ. ಕೂಲಿ ಮಾಡಿ ಬದುಕುವವಳಿಗೆ ಮೂಳೆಯೇ ಬಂಡವಾಳ.

ಇನ್ನೊಂದು ಎಚ್ಚರಿಕೆ. ರಮ್ಜಾನಿನಲ್ಲಿ ರೋಜಾ ತಪ್ಪಬಾರದು ಎಂದೋ, ಉಮ್ರಾಗೆ ಹೊರಟಾಗಲೋ ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ಹಾಗೇ ತಂದು ನುಂಗುತ್ತಾರೆ. ಅದು ಹಾರ್ಮೋನ್ ಮಾತ್ರೆ. ರಕ್ತ ಹೆಪ್ಪುಗಟ್ಟುವ ತೊಂದರೆ ಅಥವಾ ಲಿವರ್ ಕಾಯಿಲೆ ಇರುವವರು ತೆಗೆದುಕೊಳ್ಳಬಾರದು. ಡಾಕ್ಟರನ್ನು ಕೇಳದೆ ಬೇಡ. ತಪ್ಪಿದ ರೋಜಾ ಆಮೇಲೆ ಹಿಡಿಯಲು ಅಲ್ಲಾಹನು ಅವಕಾಶ ಕೊಟ್ಟಿದ್ದಾನೆ.

ಗರ್ಭಕೋಶ ತೆಗೆಯಬೇಕು ಎಂದು ಹೇಳಿದ ದಿನ ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಳ್ಳಿ.

1. ನನ್ನ ಕಾಯಿಲೆಯ ಹೆಸರೇನು? ಚೀಟಿಯಲ್ಲಿ ಬರೆದುಕೊಡಿ.
2. ಸ್ಕ್ಯಾನಿಂಗ್‌ನಲ್ಲಿ ಏನಿದೆ? ಒಳಪದರದ ತುಣುಕು ಪರೀಕ್ಷೆ ಬೇಕೇ?
3. ಮಾತ್ರೆ, ವಂಕಿ, ಉಂಗುರ ಇಂಥವು ನನಗೆ ಆಗುವುದಿಲ್ಲವೇ? ಏಕೆ?
4. ಮೂರು ತಿಂಗಳು ಔಷಧಿ ತೆಗೆದುಕೊಂಡು ನೋಡಿದರೆ ಅಪಾಯವಿದೆಯೇ?
5. ಅಂಡಾಶಯ ಉಳಿಸುತ್ತೀರಾ?
6. ಹೊಟ್ಟೆ ಕೊಯ್ಯದೆ ಕೆಳಗಿನಿಂದ ಅಥವಾ ದುರ್ಬೀನಿನಿಂದ ಮಾಡಬಹುದೇ?
7. ಒಟ್ಟು ಖರ್ಚೆಷ್ಟು? ಸರ್ಕಾರಿ ಆಸ್ಪತ್ರೆಯಲ್ಲಿ ಆಗುತ್ತದೆಯೇ?

ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಉತ್ತರ ಸಿಗದೆ ‘ನಾಳೆಯೇ ದುಡ್ಡು ತನ್ನಿ’ ಎಂದರೆ ರಿಪೋರ್ಟ್‌ಗಳನ್ನು ತೆಗೆದುಕೊಂಡು ಎದ್ದು ಬನ್ನಿ. ನಿಮ್ಮ ರಿಪೋರ್ಟ್ ನಿಮ್ಮ ಹಕ್ಕು.

ಎಲ್ಲಿಗೆ ಹೋಗುವುದು? ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಕೋಟೆ ಕಡೆಯವರಿಗೆ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ಆಸ್ಪತ್ರೆ ಇದೆ. ಮೈಸೂರಿನಲ್ಲಿ ಮೆಡಿಕಲ್ ಕಾಲೇಜಿಗೆ ಸೇರಿದ ಚೆಲುವಾಂಬ ಆಸ್ಪತ್ರೆ ಇರುವುದೇ ಹೆಂಗಸರಿಗೆ, ಮಕ್ಕಳಿಗೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿಗೆ ದುಡ್ಡಿಲ್ಲ. ಪಿರಿಯಾಪಟ್ಟಣದಿಂದ ಮೈಸೂರಿಗೆ ಹೋಗಿ ಎರಡನೇ ಡಾಕ್ಟರ ಮಾತು ಕೇಳಿ ಬರಲು ಬೇಕಾದದ್ದು ಆಧಾರ್ ಕಾರ್ಡ್ ಮತ್ತು ಒಂದು ದಿನ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಅದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ರೆಫರಲ್ ಚೀಟಿ ಕೊಡುತ್ತಾರೆ. ಮೊದಲೇ ಖಾಸಗಿಗೆ ಹೋಗಿ ದಾಖಲಾಗಿ ಆಮೇಲೆ ಚೀಟಿ ಹುಡುಕಿದರೆ ಕಷ್ಟ.

ಗಂಡಸರಿಗೆ ಒಂದು ಮಾತು. ಹೆಂಡತಿಯ ಜೊತೆ ನೀವೂ ಹೋಗಿ. ಹೊರಗೆ ಬೆಂಚಿನ ಮೇಲೆ ಕೂರಬೇಡಿ, ಒಳಗೆ ಹೋಗಿ ಕೇಳಿಸಿಕೊಳ್ಳಿ. ಆದರೆ ಸಹಿ ಅವಳದಾಗಿರಲಿ, ತೀರ್ಮಾನವೂ ಅವಳದಾಗಿರಲಿ.

ದಾನಿಗಳಲ್ಲಿ, ಟ್ರಸ್ಟಿಗಳಲ್ಲಿ ನನ್ನ ವಿನಂತಿ ಮೂರು. ವೈದ್ಯಕೀಯ ನೆರವಿಗೆ ಗರ್ಭಕೋಶದ ಆಪರೇಷನ್ ಅರ್ಜಿ ಬಂದಾಗ, ತುರ್ತು ಮತ್ತು ಕ್ಯಾನ್ಸರ್ ಬಿಟ್ಟು ಉಳಿದವಕ್ಕೆ, ಸ್ಕ್ಯಾನಿಂಗ್ ರಿಪೋರ್ಟ್ ಮತ್ತು ಎರಡನೇ ಡಾಕ್ಟರ ಅಭಿಪ್ರಾಯ ಕೇಳಿ. ಆ ಸ್ಕ್ಯಾನಿಂಗ್ ಖರ್ಚನ್ನು ಟ್ರಸ್ಟೇ ಕೊಡಲಿ. ಓದು ಬಾರದ ತಾಯಿಯ ಜೊತೆ ಮೈಸೂರಿಗೆ ಹೋಗಿ ಬರಲು ತಾಲ್ಲೂಕಿಗೆ ಇಬ್ಬರು ಹೆಂಗಸರನ್ನು ಗೊತ್ತು ಮಾಡಿ. ಕೋಟೆಗಾಗಲಿ ಹುಣಸೂರಿಗಾಗಲಿ ಕರೆದರೆ ನಾನೂ ಬರುತ್ತೇನೆ. ಮೂರನೆಯದು, ತಾಯಿಯ ಆಪರೇಷನ್ನಿನಿಂದ ಹಾಜರಾತಿ ಕಡಿಮೆಯಾದ ಹುಡುಗಿಯ ವಿದ್ಯಾರ್ಥಿವೇತನ ನಿಲ್ಲಿಸಬೇಡಿ. ಅಂಥವಳಿಗೆ ಆ ವರ್ಷ ಅದು ಹೆಚ್ಚು ಬೇಕು.

ನಿಮ್ಮ ದುಡ್ಡು ನಮ್ಮ ಕೈಯಲ್ಲಿ ಅಮಾನತ್. ಅಲ್ಲಾಹನು ಕೊಟ್ಟ ಈ ದೇಹವೂ ಅಮಾನತ್. ಎರಡನ್ನೂ ವಿಚಾರ ಮಾಡದೆ ಖರ್ಚು ಮಾಡುವಂತಿಲ್ಲ.

ತಾಯಂದಿರೇ, ನಿಮ್ಮ ಮಕ್ಕಳ ಅರ್ಜಿಯನ್ನು ತುಂಬಿಸಲು ಎಷ್ಟು ಕಾಗದ ಜೋಡಿಸುತ್ತೀರಿ. ಆದಾಯ ಪತ್ರ, ಅಂಕಪಟ್ಟಿ, ಬ್ಯಾಂಕ್ ಪುಸ್ತಕ. ಅದೇ ಫೈಲಿನಲ್ಲಿ ನಿಮ್ಮದೂ ಒಂದು ಹಾಳೆ ಇರಲಿ: ಹಿಮೋಗ್ಲೋಬಿನ್ ಎಷ್ಟು, ಕೊನೆಯ ಮುಟ್ಟು ಯಾವಾಗ, ಪರೀಕ್ಷೆ ಮಾಡಿಸಿದ್ದು ಯಾವ ದಿನ. ಬರೆಯಲು ಬಾರದಿದ್ದರೆ ಮಗಳು ಬರೆದುಕೊಡುತ್ತಾಳೆ. ಅಷ್ಟು ಓದು ಈಗಾಗಲೇ ಅವಳಿಗೆ ಬಂದಿದೆ.

ಅಲ್ಲಾಹನು ಎಲ್ಲ ತಾಯಂದಿರಿಗೂ ಶಿಫಾ ಕೊಡಲಿ, ಮಕ್ಕಳ ಇಲ್ಮ್‌ನಲ್ಲಿ ಬರ್ಕತ್ ಕೊಡಲಿ. ಆಮೀನ್.